ಎಡಕ್ಕೆ ಬೇಡ, ಬಲಕ್ಕೆ ಹೌದು

3 ಫೆಬ್ರವರಿ, ಬೆಳಿಗ್ಗೆ 11
ಇವರಿಗೆ ಗಂಜಿ ಕುಡಿಸಲು ಒಂದು ಗಂಟೆ. ಅರ್ಧ ಹೊರಗೇ. ಕೆಮ್ಮು. ಮಾತು ನಿಂತು ಎರಡು ತಿಂಗಳು. ನರಗಳು ಒಂದೊಂದಾಗಿ ಸೋಲುವ ಕಾಯಿಲೆ — ಮುಂದೆ ಯಾವುದು ಎಂದು ಡಾಕ್ಟರೂ ಹೇಳುವುದಿಲ್ಲ. ರೆಪ್ಪೆ ತಾನಾಗಿಯೇ ಅದುರುತ್ತದೆ, ಸನ್ನೆ ಎಂದು ನಂಬುವಂತಿಲ್ಲ. ಬಲ ಮಣಿಕಟ್ಟು ಮಾತ್ರ ಸ್ವಲ್ಪ ಹೊರಳುತ್ತದೆ. ಮೂವತ್ತು ವರ್ಷ ಹೋಟೆಲಿನ ಗಲ್ಲಾದಲ್ಲಿ ಕೂತು ಬಂದವರೊಡನೆಲ್ಲ ಮಾತಾಡಿದ ಮನುಷ್ಯ.

ತಂಗಿಯ ಮಗಳು ಅಶ್ಮಿತಾ ಠಾಣೆ ಊರಿನ ಘೋಡಬಂದರ್ ರಸ್ತೆಯಿಂದ ಬಂದಿದ್ದಳು. ಅಲ್ಲಿ ಮಕ್ಕಳಿಗೆ ರೊಬೊಟಿಕ್ಸ್ ಕಲಿಸುತ್ತಾಳೆ. ಒಂದು ಮೈಕ್ರೋಕಂಟ್ರೋಲರ್ ಬೋರ್ಡ್ ತಂದಳು. ಬೆಂಕಿಪೊಟ್ಟಣದಷ್ಟೇ. ಮೇಲೆ ಇಪ್ಪತ್ತೈದು ಕೆಂಪು ದೀಪ, ಎರಡು ಬಟನ್, ಪುಟ್ಟ ಸ್ಪೀಕರ್. ಯಾವ ಕಡೆ ವಾಲಿಸಿದರೂ ಅದಕ್ಕೇ ಗೊತ್ತಾಗುತ್ತದಂತೆ. ಇವರ ಕೈಗೆ ಕಟ್ಟಿದರೆ ಹೌದು, ಬೇಡ ಹೇಳಬಹುದು, ಪ್ರೋಗ್ರಾಂ ನೀವೇ ಮಾಡಿ ಎಂದಳು. ವೈರ್ ಬೆಸೆಯುವ ಸೋಲ್ಡರಿಂಗ್ ಬೇಡ. ನನಗೆ ಬರುವುದಿಲ್ಲ ಎಂದೆ.

"ದೊಡ್ಡಮ್ಮಾ, ನಾಲ್ಕನೇ ಕ್ಲಾಸಿನ ಬಚ್ಚೇ ಮಾಡ್ತಾರೆ. ನಿಮ್ಗೆ ಆಗುದಿಲ್ವಾ?"

7 ಫೆಬ್ರವರಿ
ಆಯಿತು. ಲ್ಯಾಪ್‌ಟಾಪಿನಲ್ಲಿ ಬಣ್ಣದ ತುಂಡುಗಳು, ಒಂದೊಂದೂ ಒಂದೊಂದು ಆಜ್ಞೆ. ಒಂದರೊಳಗೆ ಒಂದನ್ನು ಎಳೆದು ಕೂರಿಸುವುದು, ಕೇಬಲ್ ಚುಚ್ಚಿ ಬೋರ್ಡಿಗೆ ಕಳಿಸುವುದು. ಅಷ್ಟೇ. ಬಲಕ್ಕೆ ವಾಲಿದರೆ ಸರಿ ಗುರುತು, ತೆಳು ದನಿ — ಹೌದು. ಎಡಕ್ಕೆ ವಾಲಿದರೆ ತಪ್ಪು ಗುರುತು, ದಪ್ಪ ದನಿ — ಬೇಡ.

ಬ್ಯಾಟರಿ ಸಿಕ್ಕಿಸಿ ಇವರ ಮಣಿಕಟ್ಟಿಗೆ ಕಟ್ಟಿದೆ. ಚಹಾ? ಬೇಡ. ಫ್ಯಾನ್? ಹೌದು. ನಾನು ಅತ್ತುಬಿಟ್ಟೆ. ಇವರನ್ನು ನೋಡಿಕೊಳ್ಳಲು ಟಿಟ್ವಾಳಾದಿಂದ ಲೋಕಲ್ ರೈಲಿನಲ್ಲಿ ಬರುವ ಭೀಮಮ್ಮ, ಕಲಬುರಗಿಯವಳು, ಅವಳೂ ನಾಲ್ಕು ಪ್ರಶ್ನೆ ಕೇಳಿ ಖುಷಿಪಟ್ಟಳು.

19 ಮಾರ್ಚ್
ತೂಕ ಮೂವತ್ತೊಂಬತ್ತು ಕಿಲೋ. ನುಂಗಲು ಆಗುತ್ತಲೇ ಇಲ್ಲ. ಹೊಟ್ಟೆಗೆ ಟ್ಯೂಬ್ ಹಾಕಬೇಕು, ಇಲ್ಲದಿದ್ದರೆ ಕೆಲವೇ ವಾರ ಎಂದರು ಡಾಕ್ಟರ್. ಆದರೆ ಪ್ರಜ್ಞೆ ಇರುವವರು ತಾವೇ ಒಪ್ಪಬೇಕಂತೆ. ಶುಕ್ರವಾರ ಮನೆಗೆ ಬಂದು ಕೇಳುತ್ತಾರೆ.

ಸಂಜೆ ನಾನೇ ಕೇಳಿದೆ. ದಪ್ಪ ದನಿ. ಮತ್ತೆ ಕೇಳಿದೆ. ದಪ್ಪ ದನಿ. ನಾಲ್ಕು ಸಲ.

21 ಮಾರ್ಚ್, ಬೆಳಿಗ್ಗೆ 8
ಎರಡು ತುಂಡು ಅದಲುಬದಲು ಮಾಡಿ ಬೋರ್ಡಿಗೆ ಕಳಿಸಿದೆ. ಐದು ನಿಮಿಷವೂ ಬೇಕಾಗಲಿಲ್ಲ.

ಅದೇ ದಿನ, ಮಧ್ಯಾಹ್ನ
ಡಾಕ್ಟರ್ ಕೇಳಿದರು. ಇವರು ಕೈ ಎಡಕ್ಕೆ ಹೊರಳಿಸಿದರು. ಸರಿ ಗುರುತು ಹೊತ್ತಿತು, ತೆಳು ದನಿ. ಇವರ ಕಣ್ಣು ನನ್ನ ಕಡೆ ತಿರುಗಿತು. ಮತ್ತೆ ಎಡಕ್ಕೆ, ಇದ್ದ ಶಕ್ತಿಯೆಲ್ಲ ಹಾಕಿ. ಮತ್ತೆ ತೆಳು ದನಿ.

ಸರ್ವೋತ್ತಮಜೀ ಬಡೇ ಹಿಮ್ಮತ್‌ವಾಲೇ ಹೈಂ — ಬಲು ಧೈರ್ಯವಂತರು — ಎಂದು ಡಾಕ್ಟರ್ ಇವರ ಭುಜ ತಟ್ಟಿದರು. ಅವರು ಹೋದ ಮೇಲೆ ಭೀಮಮ್ಮ ಬಾಗಿಲಲ್ಲೇ ನಿಂತಿದ್ದಳು.

"ಅಕ್ಕಾರ, ಅಪ್ಪಾರು ಎಡಕ ಹೊಳ್ಳಿಸಿದ್ರ ಬ್ಯಾಡ ಅಂತಿತ್ತಲ್ರೀ. ಇವತ್ತ್ಯಾಕ ಹೌದಂತು?"

ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು ನಿಂತೆ.

2 ಏಪ್ರಿಲ್
ಠಾಣೆಯ ಆಸ್ಪತ್ರೆಯಿಂದ ಬಂದು ಐದು ದಿನ. ಟ್ಯೂಬ್ ಸರಿಯಾಗಿದೆ. ತುಂಡುಗಳನ್ನು ಮೊದಲಿನಂತೆ ಜೋಡಿಸಿದೆ. ಇವರಿಗೆ ಎಲ್ಲ ಹೇಳಿದೆ. ನೀವಿಲ್ಲದೆ ನನ್ನಿಂದ ಆಗುವುದಿಲ್ಲ, ಅದಕ್ಕೆ ಎಂದೆ. ಕೋಪವಾ ಎಂದು ಕೇಳಿದೆ. ಕೈ ಅಲುಗಲಿಲ್ಲ.

ಫ್ಯಾನ್ ಹಾಕಲಾ? ಅದಕ್ಕೂ ಇಲ್ಲ...

26 ಏಪ್ರಿಲ್
ನಲವತ್ತೊಂದು ಕಿಲೋ. ಇವತ್ತಿನವರೆಗೆ ಒಂದು ಪ್ರಶ್ನೆಗೂ ಉತ್ತರವಿಲ್ಲ. ಮಣಿಕಟ್ಟೂ ಹೋಗಿರಬೇಕು ಎಂದಳು ಅಶ್ಮಿತಾ, ಫೋನಿನಲ್ಲಿ. ಭೀಮಮ್ಮ ಕೆಲಸ ಮುಗಿಸಿ ಲೋಕಲ್ ಹಿಡಿಯಲು ಹೋಗುತ್ತಾಳೆ. ನನ್ನೊಡನೆ ಮಾತು ಕಡಿಮೆ.

9 ಮೇ, ಮಧ್ಯಾಹ್ನ 3
ಕರೆಂಟ್ ಇಲ್ಲ. ಸೆಕೆ. ಇವರ ಕೈ ಮೇಲೆ ನೊಣ ಕೂತಿತು. ಮಣಿಕಟ್ಟು ಹೊರಳಿತು. ದಪ್ಪ ದನಿ.

ಅಂದರೆ ಕೈ ಹೋಗಿಲ್ಲ.

ಹತ್ತಿರ ಕೂತೆ. ನೊಣ ಓಡಿಸಿದೆ. ಕೊನೆಗೆ ಕೇಳಿದೆ — ಟ್ಯೂಬ್ ತೆಗೆಸಬೇಕಾ?

ನನ್ನನ್ನೇ ನೋಡಿದರು. ಏಳು ವಾರದ ಮೇಲೆ ಮೊದಲ ಉತ್ತರ. ಬಲಕ್ಕೆ. ತೆಳು ದನಿ. ಮತ್ತೆ ಬಲಕ್ಕೆ. ಮತ್ತೆ.

ಬ್ಯಾಟರಿಯ ವೈರ್ ಕಿತ್ತಿಟ್ಟಿದ್ದೇನೆ. ನಾಳೆ ಡಾಕ್ಟರ್ ಬರುತ್ತಾರೆ. ಬೋರ್ಡ್ ಕೆಟ್ಟುಹೋಗಿದೆ ಎಂದು ಅವರಿಗೆ ಹೇಳಬೇಕು.