ನಾನು ಬರೆಯುತ್ತೇವೆ

ಅಂಗಡಿಯ ಒಳಕೋಣೆ
ಹನ್ನೊಂದನೆಯ ತಾರೀಖು, ಮಂಗಳವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಹೋದ ಕಾಗದದಲ್ಲಿ ನರ್ಸಮ್ಮನ ಕೈಯಲ್ಲಿ ‘ಪರವಾಗಿಲ್ಲ’ ಎಂದು ಬರೆಸಿದ್ದೆ. ಆ ಮಾತು ನಿನ್ನದಲ್ಲ ಎಂದು ಓದಿದ ಕೂಡಲೇ ಗೊತ್ತಾಯಿತು. ಗಟ್ಟಿಮುಟ್ಟಾಗಿದ್ದ ಕಾಲದಲ್ಲೂ ನೀನು ಪರವಾಗಿಲ್ಲ ಅಂದವಳಲ್ಲ. ಏನಾದರೊಂದು ಕೊಂಕು ತೆಗೆಯದಿದ್ದರೆ ನಿನಗೆ ತಿಂದ ಅನ್ನ ಅರಗುತ್ತಿರಲಿಲ್ಲ. ಬಲಗೈಯ ಬೆರಳುಗಳು ಈಗಲಾದರೂ ನಿನ್ನ ಮಾತು ಕೇಳುತ್ತಿವೆಯೇ? ರಬ್ಬರ್ ಚೆಂಡು ಹಿಸುಕುವುದನ್ನು ಬಿಡಬೇಡ. ಅದು ಮಕ್ಕಳಾಟ ಎಂದು ಮೂಲೆಗೆಸೆದೆಯಂತೆ, ನರ್ಸಮ್ಮ ನಿನಗೆ ತಿಳಿಯದ ಹಾಗೆ ಕೊನೆಯಲ್ಲಿ ಒಂದು ಸಾಲು ಚಾಡಿ ಸೇರಿಸಿದ್ದಾರೆ. ಬಾಯಿ ಸೊಟ್ಟಗಾದದ್ದು ಮುಕ್ಕಾಲು ಪಾಲು ಸರಿಹೋಗಿದೆ ಎಂದೂ ಬರೆದಿದ್ದರು. ಅದನ್ನು ಅಪ್ಪನಿಗೆ ಎರಡು ಸಲ ಓದಿ ಹೇಳಿದೆ. ಲಕೋಟೆಯಲ್ಲಿ ನೀನು ಎಡಗೈಯಲ್ಲಿ ಗೀಚಿದ್ದ ಚೀಟಿಯೂ ಇತ್ತು. ಅಪ್ಪ ಅದನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ತುಂಬ ಹೊತ್ತು ನೋಡಿದರು. "ಕಣ್ಣು ಇರಬೇಕಾದ ಜಾಗದಲ್ಲೇ ಇದೆ. ನಮ್ಮ ಮುಖದವಳು ಎಲ್ಲೂ ಹೋಗಿಲ್ಲ" ಅಂದರು. ನನಗೆ ಅದರಲ್ಲಿ ಒಂದು ಸೊನ್ನೆ, ಎರಡು ಚುಕ್ಕೆ ಬಿಟ್ಟು ಬೇರೇನೂ ಕಂಡಿರಲಿಲ್ಲ. ಆದರೂ ಹೌದು ಅಂದೆ.

ಇಲ್ಲಿಯ ಸಮಾಚಾರ ಹೇಳುವಂಥದ್ದೇನೂ ಅಲ್ಲ. ಅಪ್ಪನ ಕಣ್ಣಿನ ಪೊರೆ ಬಲಿತಿದೆ. ಆದರೂ ಬೆಳಿಗ್ಗೆ ಎದ್ದು ಕ್ಯಾನ್ವಾಸಿನ ಮೇಲೆ ಅಳತೆಯ ಚೌಕ ಎಳೆಯುತ್ತಾರೆ, ಗೆರೆ ಒಂದಿಷ್ಟೂ ಸೊಟ್ಟಗಾಗುವುದಿಲ್ಲ. ನೀನು ಆಸ್ಪತ್ರೆ ಸೇರಿದ ಮೇಲೆ ಈ ಐದು ತಿಂಗಳಲ್ಲಿ ಮೂರು ಕೆಲಸ ಬಂದಿವೆ. ಎಂದಿನಂತೆ ಚಿಕ್ಕದೊಂದು ಫೋಟೋ ಕೊಟ್ಟು, ಸತ್ತವರನ್ನು ಗೋಡೆಯಳತೆಗೆ ಬರೆದುಕೊಡಿ ಎಂದು ಕೇಳಿಕೊಂಡು ಬಂದವರೇ. ಅಪ್ಪ ಗೆರೆ ಹಾಕಿದರು, ನಾನು ಬಟ್ಟೆ, ಕುರ್ಚಿ, ಹಿಂದಿನ ಪರದೆ ಎಲ್ಲ ಮುಗಿಸಿದೆ. ಮುಖ ಬರೆಯುವವಳು ನೀನು, ಅಲ್ಲಿಗೆ ನಿಂತಿದೆ. ಒಬ್ಬ ರೈಲು ಚಾಲಕರು, ಒಬ್ಬರು ಹೆಡ್‌ಮಿಸ್ಸು, ಅವರಿವರ ಪರ ವಾದಿಸಿ ವಾದಿಸಿಯೇ ಹೆಸರಾದ ಒಬ್ಬ ವಕೀಲರು, ಮೂವರೂ ಮುಖವಿಲ್ಲದೆ ಗೋಡೆಗೆ ಒರಗಿದ್ದಾರೆ. ಹೆಡ್‌ಮಿಸ್ಸಿನ ಮಗ ಎರಡು ಸಲ ಬಂದು ಹೋದ ಮೇಲೆ ಮರ್ಯಾದೆ ಉಳಿಯಲಿ ಎಂದು ನಾನೇ ಕೈ ಹಾಕಿದೆ. ಆತ ನೋಡಿ, ಪಾಪ, ಒಳ್ಳೆಯ ಮನುಷ್ಯ, "ನಮ್ಮಮ್ಮನ ತಂಗಿ ಥರಾ ಇದೆ" ಅಂದ. ಆತನ ಅಮ್ಮನಿಗೆ ತಂಗಿಯೇ ಇರಲಿಲ್ಲವಂತೆ. ಆತ ಹೋದ ಮೇಲೆ ಟರ್ಪೆಂಟೈನ್ ಹಾಕಿ ಒರೆಸಿದೆ.

ಇನ್ನು ಹೇಳಬೇಕಾದದ್ದನ್ನು ಹೇಳುತ್ತೇನೆ. ಕಲಾಶಾಲೆಯ ಸ್ನಾತಕೋತ್ತರ ತರಗತಿಗೆ ಎರಡು ಅರ್ಜಿ ತರಿಸಿದ್ದೆಯಲ್ಲ, ನಿನಗೊಂದು, ನನಗೊಂದು? ‘ಇಬ್ಬರೂ ಒಟ್ಟಿಗೆ ಹೋಗೋಣ, ಒಬ್ಬಳನ್ನೇ ತಗೊಂಡ್ರೆ ಇಬ್ಬರೂ ಬೇಡ ಅಂತ ವಾಪಸ್ ಬರೋಣ’ ಅಂದಿದ್ದೆ. ಆಮೇಲೆ ಎಂಟೇ ದಿನಕ್ಕೆ ನೀನು ಪ್ಯಾಲೆಟ್ಟು ಹಿಡಿದುಕೊಂಡೇ ಬಿದ್ದೆ. ಅರ್ಜಿಯ ಕೊನೆಯ ದಿನಕ್ಕೆ ಮೂರು ವಾರ ಉಳಿದಿತ್ತು. ಮೊದಲನೆಯ ವಾರ ನನಗೆ ಅದರ ನೆನಪೇ ಇರಲಿಲ್ಲ, ಇದನ್ನು ನೀನು ನಂಬಬೇಕು. ಎರಡನೆಯ ವಾರ ನೆನಪಾಯಿತು. ಮೂರನೆಯ ವಾರ ತುಂಬಿಸಿದೆ. ನಿನಗೆ ಹೇಳಲಿಲ್ಲ, ಆಗ ನಿನಗೆ ಯಾರ ಮಾತೂ ಅರ್ಥವಾಗುತ್ತಿಲ್ಲ ಎಂದು ಡಾಕ್ಟರು ಹೇಳಿದ್ದರು. ಅರ್ಥವಾಗುವಂತಾದ ಮೇಲೂ ಹೇಳಲಿಲ್ಲ. ನಿನ್ನ ಅರ್ಜಿ ಖಾಲಿಯಾಗಿ ಬೀರುವಿನಲ್ಲಿದೆ.

ಹನ್ನೆರಡು ಚಿತ್ರ ಕಳಿಸಬೇಕಿತ್ತು. ಹನ್ನೊಂದಕ್ಕೆ ಕಷ್ಟವಾಗಲಿಲ್ಲ. ಬಿಡುವಿನ ದಿನಗಳಲ್ಲಿ ನಾನು ಬರೆದ ಮಂಚ, ಹ್ಯಾಂಗರಿಗೆ ಹಾಕಿದ ಕೋಟು, ಒಗೆದು ಹಿಂಡಿಟ್ಟ ಬಟ್ಟೆಯ ರಾಶಿ. ನೀನು ‘ಲಾಂಡ್ರಿ ಅಂಗಡಿ’ ಎಂದು ಆಡಿಕೊಳ್ಳುತ್ತಿದ್ದೆಯಲ್ಲ, ಅವೇ. ಹನ್ನೆರಡನೆಯದಾಗಿ ಅಮ್ಮನನ್ನು ಕಳಿಸಿದೆ. ಕಿಟಕಿಯ ಪಕ್ಕ ಶಾಲು ಹೊದ್ದು ಕುಳಿತ ಅಮ್ಮ, ಕೊನೆಯ ವರ್ಷದ್ದು. ಕಿಟಕಿ ನನ್ನದು, ಕುರ್ಚಿ ನನ್ನದು, ಆ ಶಾಲಿಗೆ ಒಂಬತ್ತು ದಿನ ಕೂತಿದ್ದೇನೆ. ಮುಖ ನಿನ್ನದು. ಪಟವನ್ನು ಗೋಡೆಯಿಂದ ಇಳಿಸುವಾಗ ನಾನು ನನಗೇ ಹೇಳಿಕೊಂಡದ್ದು ಏನು ಗೊತ್ತೇ? ಅಳತೆ ಹಾಕಿ ನೋಡಿದರೆ ಮುಕ್ಕಾಲುಪಾಲು ಚಿತ್ರ ನನ್ನದೇ. ಅಪ್ಪನಿಗೆ ಇನ್ನೂ ಗೊತ್ತಾಗಿಲ್ಲ. ದಿನಾ ಹೊರಡುವಾಗ ಆ ಗೋಡೆಯ ಕಡೆ ತಿರುಗಿ "ಬರ್ತೀನಿ ಕಣೇ" ಅನ್ನುತ್ತಾರೆ. ಅಲ್ಲಿ ಈಗ ಮೊಳೆ ಮಾತ್ರ ಇದೆ.

ಅರ್ಜಿಯ ಜೊತೆ ‘ನಾನೇಕೆ ಚಿತ್ರ ಬರೆಯುತ್ತೇನೆ’ ಎಂದು ಎರಡು ಪುಟ ಬರೆದುಕೊಡಬೇಕು. ನಾನು ಬರೆದದ್ದನ್ನು ನಾವು ಓದಿದ ಸಂಜೆ ಕಾಲೇಜಿನ ಡ್ರಾಯಿಂಗ್ ಮೇಷ್ಟ್ರಿಗೆ ತೋರಿಸಿದೆ, ಶಿಫಾರಸು ಪತ್ರ ಅವರೇ ಕೊಡಬೇಕಿತ್ತಲ್ಲ. ಅವರು ಓದಿ ಕನ್ನಡಕ ತೆಗೆದು, "ಅರ್ಜಿ ಒಬ್ಬರದು ಕಣಮ್ಮಾ. ಇದರಲ್ಲಿ ಸಾಲಿಗೊಂದು ‘ನಾವು’ ಇದೆಯಲ್ಲ, ಯಾರಿದು ನಾವು? ನೀನೇನು ಮಹಾರಾಣೀನಾ?" ಅಂದರು. ನಾನು ಅದುವರೆಗೆ ಗಮನಿಸಿಯೇ ಇರಲಿಲ್ಲ ಅಕ್ಕ. ನಾವು ಗೆರೆ ಹಾಕುತ್ತೇವೆ, ನಾವು ಬಣ್ಣ ಕಲಸುತ್ತೇವೆ, ನಾವು ಮೊದಲು ನೆರಳು ಹಿಡಿಯುತ್ತೇವೆ. ಇಪ್ಪತ್ತಾರು ಕಡೆ ಇತ್ತು. ಮನೆಗೆ ಬಂದು ಕೂತು ಒಂದೊಂದನ್ನೂ ‘ನಾನು’ ಮಾಡಿದೆ. ಮೊದಲನೆಯ ನಾಲ್ಕೈದು ತಿದ್ದುವಾಗ ಪೆನ್ನು ನಿಂತು ನಿಂತು ಸಾಗಿತು. ಹತ್ತರ ಹೊತ್ತಿಗೆ ಕೈಗೆ ರೂಢಿಯಾಯಿತು. ಕೊನೆಕೊನೆಗೆ ಓದಲು ಚೆನ್ನಾಗಿಯೇ ಇದೆ ಅನ್ನಿಸಿತು.

ಸಂದರ್ಶನಕ್ಕೆ ಹೋದೆ. ಅಪ್ಪನಿಗೆ ಚೌಕಟ್ಟಿನ ಮರ ತರಲು ಹೋಗುತ್ತೇನೆ ಎಂದು ಸುಳ್ಳು ಹೇಳಿದೆ. ಉದ್ದನೆಯ ಕೋಣೆ, ಎತ್ತರದ ಕಿಟಕಿಗಳು, ಅಂಥ ಬೆಳಕನ್ನು ನಾವು ಈ ಅಂಗಡಿಯಲ್ಲಿ ಹುಟ್ಟಿದಾಗಿನಿಂದ ಕಂಡಿಲ್ಲ. ಗಡ್ಡದವರೊಬ್ಬರು, ಸಣ್ಣ ಕೂದಲಿನ ಮೇಡಂ ಒಬ್ಬರು, ಪೂರ್ತಿ ಹೊತ್ತು ಪೆನ್ಸಿಲ್ ಚೂಪು ಮಾಡುತ್ತಿದ್ದ ಮುದುಕರೊಬ್ಬರು. ನನ್ನ ಹನ್ನೊಂದು ಚಿತ್ರಗಳನ್ನು ಒಂದೆಡೆ ಸಾಲಾಗಿಟ್ಟಿದ್ದರು, ಅಮ್ಮನೊಬ್ಬಳೇ ಬೇರೆ ಸ್ಟ್ಯಾಂಡಿನ ಮೇಲಿದ್ದಳು. ಮೂವರೂ ಆ ಮುಖವನ್ನೇ ನೋಡುತ್ತಿದ್ದರು. ಯಾರಾದರೂ ಶಾಲಿನ ಬಗ್ಗೆ ಒಂದು ಮಾತು ಆಡುತ್ತಾರೆಂದು ಕಾದೆ. ಆಡಲಿಲ್ಲ. ಗಡ್ಡದವರು "ಈ ಮುಖಕ್ಕೆ ಎಷ್ಟು ದಿನ ಹಿಡೀತು?" ಎಂದು ಕೇಳಿದರು. "ಮೂರು ದಿನ" ಅಂದೆ. ಸುಳ್ಳು ಹೇಳಲಿಲ್ಲ ಅಕ್ಕ, ನಿನಗೆ ಮೂರೇ ದಿನ ಹಿಡಿದದ್ದು. ಅಮ್ಮ ಬದುಕಿದ್ದಾಗಲೇ ಕೂರಿಸಿ ಬರೆದದ್ದೇ ಎಂದು ಮೇಡಂ ಕೇಳಿದರು, ಹೌದು ಅಂದೆ. ಅದೂ ನಿಜವೇ. ಅರ್ಧ ಗಂಟೆಯಲ್ಲಿ ಒಂದೇ ಒಂದು ಸುಳ್ಳೂ ನನ್ನ ಬಾಯಿಂದ ಬರಲಿಲ್ಲ.

ಆಮೇಲೆ ಪರೀಕ್ಷೆ. ಒಬ್ಬ ಹೆಂಗಸನ್ನು ಸ್ಟೂಲಿನ ಮೇಲೆ ಕೂರಿಸಿ, ಎರಡು ಗಂಟೆಯಲ್ಲಿ ಬರೆಯಿರಿ ಅಂದರು. ನನ್ನ ಕೈಗೆ ಅಭ್ಯಾಸವಾದದ್ದು ನಿನಗೆ ಗೊತ್ತು. ಸ್ವೆಟರಿನ ಹೆಣಿಗೆ, ಮೊಣಕೈಯ ಸುಕ್ಕು, ಸ್ಟೂಲಿನ ಕಾಲು, ನೆಲದ ನೆರಳು, ಎಲ್ಲ ಬರೆದೆ. ಮುಖದ ಜಾಗವನ್ನು ಹಾಗೇ ಬಿಟ್ಟೆ. ಬೇಕೆಂದು ಬಿಟ್ಟದ್ದಲ್ಲ, ಅದು ನಿನ್ನ ಪಾಲು ಎಂದು ಕೈ ತಾನಾಗಿಯೇ ಬಿಟ್ಟಿತು. ಗಂಟೆ ಬಾರಿಸಿದಾಗ ನೋಡಿಕೊಂಡೆ. ಇನ್ನು ಗಂಟುಮೂಟೆ ಕಟ್ಟುವುದೇ ಎಂದು ಎದ್ದೆ. ಅಷ್ಟರಲ್ಲಿ ಗಡ್ಡದವರು ಬಂದು ನಿಂತು ಮೇಡಂ ಕಡೆ ತಿರುಗಿ, "ಅಂಥಾ ಮುಖ ಬರೆಯೋಕೆ ಬರೋಳು ಮುಖಾನೇ ಬಿಟ್ಟಿದಾಳೆ ನೋಡಿ, ಏನು ಧೈರ್ಯ!" ಅಂದರು. ನೀನು ಪಕ್ಕದಲ್ಲಿ ಇದ್ದಿದ್ದರೆ ನಾವಿಬ್ಬರೂ ಹೊರಗೆ ಓಡಿಬಂದು ಬಿದ್ದು ಬಿದ್ದು ನಗುತ್ತಿದ್ದೆವು. ನಾನೊಬ್ಬಳೇ ಇದ್ದೆ, ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ಹೋದ ವಾರ ಫಲಿತಾಂಶ ಬಂತು. ಪಟ್ಟಿಯಲ್ಲಿ ನಾನೇ ಮೊದಲನೆಯವಳು. ಅಮ್ಮನ ಚಿತ್ರವನ್ನು ಶಾಲೆಯ ಗ್ಯಾಲರಿಯಲ್ಲೇ ಇಟ್ಟುಕೊಳ್ಳುತ್ತಾರಂತೆ. ಆದರೆ ಅದರ ಹಿಂದೆಯೇ ಕಚೇರಿಯಿಂದ ಫೋನ್ ಬಂತು. ನನ್ನ ಎರಡು ಪುಟಗಳಲ್ಲಿ ಒಂದು ವಾಕ್ಯ ತಪ್ಪಾಗಿದೆ ಎಂದು ಗುಮಾಸ್ತೆ ಓದಿ ಹೇಳಿದಳು: ‘ನಾನು ಮುಖವನ್ನು ಕೊನೆಗೆ ಬರೆಯುತ್ತೇವೆ.’ ಇಪ್ಪತ್ತಾರೂ ಕಡೆ ‘ನಾವು’ ಅಳಿಸಿದ್ದೆ, ಈ ಒಂದು ಕಡೆ ಬಾಲ ಉಳಿದುಬಿಟ್ಟಿತ್ತು. "ಕೈತಪ್ಪು ಇರಬಹುದು ಬಿಡಿ. ಆದ್ರೂ ಮನೆಯವ್ರೆಲ್ಲ ಸೇರಿ ಕೆಲಸ ಮಾಡೋ ಅಂಗಡಿ ಅಂತೀರಲ್ಲ, ಮೇಷ್ಟ್ರುಗಳು ಒಂದು ಖಾತ್ರಿ ಇರ್ಲಿ ಅಂದ್ರು" ಅಂದಳು. ಏನೋ ಕಾಗದ ಕಳಿಸುತ್ತಾರಂತೆ. ನಾನು ಹೂಂ ಅಂದೆ.

ನನಗೆ ನಿನ್ನ ಮೇಲೆ ಸಿಟ್ಟೂ ಇದೆ ಅಕ್ಕ, ಅದನ್ನೂ ಹೇಳಿಬಿಡುತ್ತೇನೆ. ಹದಿನೈದು ವರ್ಷದವಳಿದ್ದಾಗ ಒಂದು ಸಲ, ನೀನು ಊಟಕ್ಕೆ ಎದ್ದು ಹೋಗಿದ್ದಾಗ, ಯಾರದೋ ಅಜ್ಜನ ಮೂಗಿನ ಪಕ್ಕದ ನೆರಳನ್ನು ನಾನು ಬರೆದಿದ್ದೆ. ನೀನು ಬಂದು ನೋಡಿ, ಬಯ್ಯಲೂ ಇಲ್ಲ, ಚಿಂದಿಯಲ್ಲಿ ಅದನ್ನು ಒರೆಸಿ "ನೀನು ಬಟ್ಟೆ ನೋಡ್ಕೋ" ಅಂದೆ. ಅವತ್ತಿನಿಂದ ನಾನು ಬಟ್ಟೆಯವಳು. ಹದಿನಾಲ್ಕು ವರ್ಷ ಬಟ್ಟೆ ನೋಡಿಕೊಂಡೆ. ನೀನು ಕಲಿಸಿದ್ದರೆ ಹೆಡ್‌ಮಿಸ್ಸಿಗೆ ಇವತ್ತು ಮುಖ ಇರುತ್ತಿತ್ತು, ನನಗೂ ಇರುತ್ತಿತ್ತು. ಈ ಕೋಣೆಯಲ್ಲಿ ಮುಖವಿಲ್ಲದವರ ಮಧ್ಯೆ ಕೂತು ಮುದುಕಿಯಾಗುವುದೆಂದರೆ ನನಗೆ ಭಯ. ಅಲ್ಲಿ ಆ ಬೆಳಕಿನಲ್ಲಿ ಎರಡು ವರ್ಷ ಸಿಕ್ಕರೆ ನಾನೂ ಕಲಿಯುತ್ತೇನೆ. ಇದು ನೆಪವೆಂದು ನಿನಗೆ ಅನ್ನಿಸಿದರೆ ಅನ್ನಿಸಲಿ.

ಆದರೂ ಹೀಗೆ ನುಂಗಿಕೊಂಡು ಇರಲು ಆಗುತ್ತಿಲ್ಲ. ಊಟ ಸೇರುತ್ತಿಲ್ಲ, ಅಪ್ಪ ಆ ಗೋಡೆಯ ಕಡೆ ತಿರುಗಿದರೆ ಎದ್ದು ಹೊರಗೆ ಹೋಗುತ್ತೇನೆ. ನಾಳೆ ಬೆಳಿಗ್ಗೆ ಕಚೇರಿಗೆ ಫೋನ್ ಮಾಡಿ, ಆ ವಾಕ್ಯ ತಪ್ಪಲ್ಲ, ಉಳಿದ ಇಪ್ಪತ್ತೈದೇ ತಪ್ಪು ಎಂದು ಹೇಳಿಬಿಡುತ್ತೇನೆ. ಸೀಟು ಹೋದರೆ ಹೋಗಲಿ. ಅಮ್ಮನನ್ನು ವಾಪಸು ತಂದು ಮೊಳೆಗೆ ಹಾಕುತ್ತೇನೆ. ಹೀಗೆ ಬರೆದ ಮೇಲೆ ಮನಸ್ಸು ಸ್ವಲ್ಪ ಹಗುರವಾಗಿದೆ.

ಔಷಧಿ ತಪ್ಪಿಸಬೇಡ, ಗೋಡೆ ಹಿಡಿದಾದರೂ ದಿನಾ ನಾಲ್ಕು ಹೆಜ್ಜೆ ನಡೆ. ನರ್ಸಮ್ಮನಿಗೆ ನನ್ನ ವಂದನೆ ತಿಳಿಸು, ಅವರ ಅಕ್ಷರ ನಿನ್ನದಕ್ಕಿಂತ ಚೆನ್ನಾಗಿದೆ ಎಂದು ಹೇಳು, ಖುಷಿಪಡುತ್ತಾರೆ. ಅಪ್ಪ ಆಶೀರ್ವಾದ ತಿಳಿಸಲು ಹೇಳಿದ್ದಾರೆ. ಮುಖದವಳು ಬೇಗ ಬರಲಿ, ಮೂರು ಜನ ಕಾಯುತ್ತಿದ್ದಾರೆ ಎಂದೂ ಹೇಳಿದ್ದಾರೆ.

ಎಂದೆಂದಿಗೂ ನಿನ್ನ ಹಿಂದೆ ಹಿಂದೆಯೇ ಇರುವ,
ತಂಗಿ

ತಾ.ಕ.: ಬುಧವಾರ ಮಧ್ಯಾಹ್ನ. ಅಂಚೆ ಪೆಟ್ಟಿಗೆ ತೆಗೆಯುವ ಹೊತ್ತಾಯಿತು, ಅವಸರದಲ್ಲಿ ಗೀಚುತ್ತಿದ್ದೇನೆ. ಫೋನ್ ಮಾಡಿದೆ, ಆದರೆ ಹೇಳಲಿಲ್ಲ. ಆ ಕಾಗದ ಮೊನ್ನೆಯೇ ಬಂದಿತ್ತು, ಮೇಲೆ ನಿನಗೆ ಹಾಗೆ ಬರೆಯಲಿಲ್ಲ ಅಷ್ಟೆ. ಮಡಚಿ ಇದರೊಳಗೆ ಇಟ್ಟಿದ್ದೇನೆ. ಎರಡೇ ಸಾಲು ಇದೆ: ‘ಈ ಹನ್ನೆರಡು ಚಿತ್ರಗಳು ನನ್ನ ತಂಗಿಯೊಬ್ಬಳವೇ. ಇವುಗಳಲ್ಲಿ ನನ್ನ ಕೈ ಸೇರಿಲ್ಲ.’ ‘ನನ್ನ ಮಗಳು’ ಎಂದಿರುವ ಇನ್ನೊಂದು ಹಾಳೆಗೆ ಅಪ್ಪನ ಸಹಿ ಆಗಿದೆ, ಏನೆಂದು ಅವರು ಕೇಳಲಿಲ್ಲ. ಇನ್ನು ನಿನ್ನದೊಂದೇ ಬೇಕು. ಇಪ್ಪತ್ತರೊಳಗೆ ಅವರಿಗೆ ಸೇರದಿದ್ದರೆ ಸೀಟು ಪಟ್ಟಿಯ ಎರಡನೆಯವರಿಗೆ ಹೋಗುತ್ತದೆ. ನನ್ನನ್ನು ಬೈಯಿ, ನರ್ಸಮ್ಮನ ಕೈಯಲ್ಲಿ ಪುಟಗಟ್ಟಲೆ ಬೈದು ಬರೆಸು, ಆದರೆ ಸಹಿ ಮಾಡು. ಸಹಿ ಆಗದಿದ್ದರೆ ಹೆಬ್ಬೆಟ್ಟು ಒತ್ತಿದರೂ ನಡೆಯುತ್ತದಂತೆ, ಅದನ್ನೇ ಕೇಳಿ ತಿಳಿದುಕೊಂಡೆ. ಶಾಯಿಯ ಪುಟ್ಟ ಡಬ್ಬಿಯನ್ನೂ ಇಟ್ಟಿದ್ದೇನೆ. ಒಂದು ಕೈಯಲ್ಲಿ ಅದರ ಮುಚ್ಚಳ ಬರುವುದಿಲ್ಲ, ನರ್ಸಮ್ಮನಿಗೆ ಹೇಳಿ ತೆಗೆಸಿಕೋ.