ಪೋಕ್ರಿ ಪಾತುವಿನ ಕೊನೆಯ ಚೌಕ

ಅಲ್ ಖೋಬರ್
೧೪ ಅಕ್ಟೋಬರ್ ೨೦೨೫

ನನ್ನ ಪ್ರೀತಿಯ ಶಹಾನಾ,

ಅಸ್ಸಲಾಮು ಅಲೈಕುಂ. ಉಮ್ಮ ಕಾಗದ ಬರೆಯುವಂಥದ್ದು ಏನಾಯಿತು ಎಂದು ಗಾಬರಿಯಾಗಬೇಡ, ಇಲ್ಲಿ ಎಲ್ಲ ಕ್ಷೇಮ. ಕಣ್ಣಿನ ಆಪರೇಷನ್ ಆದ ಮೇಲೆ ಉಪ್ಪ ಮಸೀದಿಗೂ ಮೀನು ಮಾರ್ಕೆಟಿಗೂ ತಾವೇ ಕಾರು ತೆಗೆದುಕೊಂಡು ಹೋಗುತ್ತಾರೆ. ಹೈವೇಗೆ ಮಾತ್ರ ಇಳಿಯಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ಬಕ್ರೀದಿಗೆ ನೀನು ಬಂದು ಹೋದಾಗಲೇ ಬರೆಯಬೇಕಿತ್ತು, ಇಷ್ಟು ತಡ ಮಾಡಿದೆ, ಕ್ಷಮಿಸು ಮಗಳೇ. ಸೋಮಾರಿತನದಿಂದ ತಡವಾದದ್ದಲ್ಲ. ತಡವಾದ ಕಾರಣವೇ ಈ ಕಾಗದದ ದೊಡ್ಡ ಸುದ್ದಿ, ಸ್ವಲ್ಪ ತಾಳು.

ಫೋನಿನಲ್ಲಿ ಹೇಳಬಹುದಿತ್ತಲ್ಲ ಎನ್ನುತ್ತೀಯಾ? ನಿನ್ನ ಫೋನು ಯಾವಾಗಲೂ ಸ್ಪೀಕರಿನಲ್ಲಿರುತ್ತದೆ. "ಊಟ ಆಯ್ತಾ" ಎಂದು ನಾನು ಕೇಳಿದರೆ ನಿನ್ನ ಉತ್ತರಕ್ಕೆ ಮೊದಲು ಆಶಿಕ್ ಕೆಮ್ಮುವುದು ಕೇಳಿಸುತ್ತದೆ. ಅದಕ್ಕೇ ಈ ಕಾಗದ. ಕೆಳಗಿನ ಮನೆಯ ಝೀನತ್ ನಾಳೆ ತಂಗಿಯ ಮನೆಗೆಂದು ರಿಯಾದಿಗೆ ಬರುತ್ತಿದ್ದಾಳೆ. ಖರ್ಜೂರದ ಡಬ್ಬಿಯ ಅಡಿಯಲ್ಲಿಟ್ಟು ನಿನ್ನ ಕೈಗೇ ಕೊಡುತ್ತಾಳೆ. ಡಬ್ಬಿಯನ್ನು ಬೇರೆ ಯಾರಾದರೂ ತೆರೆದರೂ ಹೆದರಬೇಡ. ನಿನ್ನ ಗಂಡ ಆಶಿಕ್ ಹುಟ್ಟಿ ಬೆಳೆದದ್ದೆಲ್ಲ ದಮ್ಮಾಮಿನಲ್ಲಿ. ಕನ್ನಡ ಮಾತಾಡುತ್ತಾನೆ, ಒಂದಕ್ಷರ ಓದಲು ಬರುವುದಿಲ್ಲ. ಅಡುಗೆಮನೆಯ ಮೇಜಿನಲ್ಲಿ ನಿನ್ನನ್ನು ಹಿಡಿದು ಕೂರಿಸಿ ಕಾಗುಣಿತ ಬರೆಸುವಾಗ "ಖೋಬರಿನಲ್ಲಿ ಕನ್ನಡ ಎಂತಕ್ಕೆ ಉಮ್ಮಾ?" ಎಂದು ಅಳುತ್ತಿದ್ದೆಯಲ್ಲ, ಇಗೋ, ಇದಕ್ಕೆ.

ಈಗ ಸುದ್ದಿ. ನಿನ್ನ ಉಮ್ಮನಿಗೆ ಡ್ರೈವಿಂಗ್ ಲೈಸೆನ್ಸ್ ಸಿಕ್ಕಿದೆ! ಹೌದು, ನನಗೇ, ಈ ಝೊಹರಾಳಿಗೆ! ಮಿಕ್ಸಿ ಆನ್ ಮಾಡುವಾಗಲೂ ಬಿಸ್ಮಿ ಹೇಳಿ ಎರಡು ಹೆಜ್ಜೆ ಹಿಂದೆ ಸರಿಯುತ್ತಾಳೆ ಎಂದು ನೀವು ಅಪ್ಪ ಮಗಳು ಸೇರಿ ಹಾಸ್ಯ ಮಾಡುತ್ತಿದ್ದಿರಲ್ಲ, ಅವಳಿಗೇ.

ಎಂತಕ್ಕೆ ಕಲಿತೆ ಎಂದು ನೇರವಾಗಿಯೇ ಹೇಳಿಬಿಡುತ್ತೇನೆ. ಬಕ್ರೀದಿನಿಂದ ಈಚೆಗೆ ನೀನು ಮನೆಗೆ ಬಂದಿಲ್ಲ. ಉಪ್ಪ ಫೋನು ಮಾಡಿದಾಗಲೆಲ್ಲ ಆಶಿಕ್ "ಅವಳಿಗೆ ಹುಷಾರಿಲ್ಲ, ಬರುವ ತಿಂಗಳು ಕಳಿಸ್ತೇನೆ" ಎನ್ನುತ್ತಾನೆ. ಉಪ್ಪ "ಆಯ್ತು ಮಗಾ" ಎಂದು ಫೋನಿಟ್ಟು ಗೋಡೆ ನೋಡುತ್ತಾ ಕೂರುತ್ತಾರೆ. ಕೇಳಿ ಕೇಳಿ ನನಗೆ ಸಾಕಾಯಿತು. ನಿನ್ನನ್ನು ಕರೆದುಕೊಂಡು ಬರಬೇಕು, ಯಾರ ಅಪ್ಪಣೆಯನ್ನೂ ಕೇಳದೆ ಕರೆದುಕೊಂಡು ಬರಬೇಕು. ರೈಲು ಇದೆಯಲ್ಲ ಎನ್ನಬೇಡ. ರೈಲು ಸ್ಟೇಷನ್ನಿಗೆ ಬರುತ್ತದೆ, ನಿನ್ನ ಮನೆಯ ಬಾಗಿಲಿಗೆ ಬರುವುದಿಲ್ಲ.

ಆದರೆ ಧೈರ್ಯ ಬೇಕಲ್ಲ. ಅದು ಕಬಾಟಿನ ಮೇಲಿನ ರಟ್ಟಿನ ಪೆಟ್ಟಿಗೆಯಲ್ಲಿತ್ತು. ಕಂಬಳಿ ತೆಗೆಯಲು ಸ್ಟೂಲು ಹತ್ತಿದ್ದೆ, ಪೆಟ್ಟಿಗೆ ಕೈಗೆ ಸಿಕ್ಕಿತು. ನೆನಪಿದೆಯಾ? ಉಪ್ಪನ ಕಂಪನಿಯ ಇಂಗ್ಲಿಷ್ ಎಂಜಿನಿಯರ್ ಊರಿಗೆ ಹೊರಟಾಗ, ತಾನು ಸಣ್ಣವನಿದ್ದಾಗ ಓದಿದ ಕಾಮಿಕ್ಸ್‌ಗಳನ್ನೆಲ್ಲ ಕಟ್ಟಿ ನಿನಗೆಂದು ಕೊಟ್ಟು ಹೋದ. ಹಳದಿಯಾದ ಕಾಗದ, ಮುಗ್ಗಿದ ವಾಸನೆ. ಪುಟ ತಿರುಗಿಸಿದರೆ ಬರೀ ಪೋಕ್ರಿ ಹುಡುಗಿಯರು! ಒಬ್ಬಳ ಕೂದಲು ಬಾಚಣಿಗೆ ಕಂಡದ್ದಲ್ಲ, ಒಬ್ಬಳಿಗೆ ಮುಂದಿನ ಹಲ್ಲಿಲ್ಲ, ಒಬ್ಬಳ ಜೇಬಿನಲ್ಲಿ ಸದಾ ಕವಣೆ. ಪೊಲೀಸನ ಟೋಪಿಗೆ ಗೋಂದು ಹಚ್ಚುವುದು, ಟೀಚರ ಕುರ್ಚಿಯ ಕಾಲು ಗರಗಸದಲ್ಲಿ ಕೊಯ್ಯುವುದು, ಒಂದೇ ಎರಡೇ! ಇಂಗ್ಲಿಷಿನಲ್ಲಿ ಅವರಿಗೆ ಏನೇನೋ ಹೆಸರಿತ್ತು. ನಮ್ಮ ಮನೆಯಲ್ಲಿ ಎಲ್ಲರಿಗೂ ನೀನು ಇಟ್ಟ ಒಂದೇ ಹೆಸರು, ಪೋಕ್ರಿ ಪಾತು.

ಕೊನೆಯ ಚೌಕ ಮಾತ್ರ ನಿನಗೆ ಆಗುತ್ತಿರಲಿಲ್ಲ. ಯಾವ ಕಥೆಯಾದರೂ ಕೊನೆಯ ಚಿತ್ರದಲ್ಲಿ ಅಪ್ಪ ಚಪ್ಪಲಿ ಹಿಡಿದು ಬರಬೇಕು, ಹುಡುಗಿ ಅವನ ತೊಡೆಯ ಮೇಲೆ ಬೋರಲಾಗಿ ಪೆಟ್ಟು ತಿನ್ನಬೇಕು. "ಇಷ್ಟೆಲ್ಲ ತಲೆ ಓಡಿಸಿದವಳು ಕೊನೆಗೆ ಪೆಟ್ಟು ತಿನ್ನುವುದು ಎಂತಕ್ಕೆ ಉಮ್ಮಾ? ಇದು ಮೋಸ!" ಎಂದು ಕೂಗಾಡಿದೆ. ಆಮೇಲೆ ನೀನೇ ನನ್ನ ಮೈದಾ ಕಲಸಿ ಅಂಟು ಮಾಡಿದೆ. ಒಂದೊಂದು ಕಥೆಯ ಕೊನೆಯ ಚೌಕದ ಮೇಲೂ ಬಿಳಿ ಕಾಗದ ಅಂಟಿಸಿ ನಿನ್ನದೇ ಚಿತ್ರ ಬರೆದೆ. ಪಾತು ನಾಲ್ಕು ಚಕ್ರದ ಹಲಗೆಯ ಗಾಡಿಯಲ್ಲಿ ಕೂತು ನಾಲಗೆ ಚಾಚುತ್ತಾ ಗುಡ್ಡ ಇಳಿದು ಹೋಗುತ್ತಾಳೆ, ಅಪ್ಪ ಹಿಂದೆ ಉಳಿಯುತ್ತಾನೆ. ಪೆಟ್ಟಿಗೆಯಲ್ಲಿದ್ದ ಪುಸ್ತಕಗಳಲ್ಲಿ ಒಂದನ್ನೂ ನೀನು ಬಿಟ್ಟಿಲ್ಲ ಮಾರಾಯ್ತಿ. ನಾನು ನೆಲದ ಮೇಲೆ ಕೂತು ಎಲ್ಲವನ್ನೂ ನೋಡಿದೆ, ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು.

ನೀನೇನು ಕಡಿಮೆ ಇದ್ದೆಯಾ? ಒಂದು ಶುಕ್ರವಾರ ಜುಮಾ ನಮಾಝ್ ಮುಗಿಸಿ ಊಟಕ್ಕೆ ಬಂದ ಉಪ್ಪನ ಸ್ನೇಹಿತರ ಚಪ್ಪಲಿಗಳನ್ನೆಲ್ಲ ಅದಲುಬದಲು ಮಾಡಿಟ್ಟವಳು. ಪಾಪ, ಅವರೆಲ್ಲ ಎಡಗಾಲಿಗೆ ಕಪ್ಪು ಬಲಗಾಲಿಗೆ ಕಂದು ಹಾಕಿಕೊಂಡು ಮನೆಗೆ ಹೋದರು. ಉಪ್ಪ ತಮ್ಮ ಚಪ್ಪಲಿ ಎತ್ತಿಕೊಂಡು ನಿನ್ನ ಹಿಂದೆ ಓಡಿದರು. ನೀನು ಫ್ರಿಜ್ಜಿನ ಸಂದಿಗೆ ನುಗ್ಗಿ ನಾಲಗೆ ಚಾಚಿದೆ. ಅವರು ಬೀಸಿ ಎಸೆದ ಚಪ್ಪಲಿ ನೇರ ನನ್ನ ತುಪ್ಪದನ್ನದ ಪಾತ್ರೆಗೆ ಬಿತ್ತು! ಆ ಚಪ್ಪಲಿ ಎಷ್ಟು ಸಲ ಎದ್ದಿತೋ ಲೆಕ್ಕವಿಲ್ಲ, ಒಮ್ಮೆಯೂ ನಿನ್ನ ಮೈ ಮುಟ್ಟಲಿಲ್ಲ. ನಮ್ಮ ಮನೆಯಲ್ಲಿ ಅದು ನಗುವುದಕ್ಕಿದ್ದ ಸಾಮಾನು.

ಪೆಟ್ಟಿಗೆ ಮುಚ್ಚಿ, ಕೆಳಗಿಳಿದು, ಝೀನತ್‌ಳ ಬಾಗಿಲು ತಟ್ಟಿದೆ. ಅವಳು ಭಟ್ಕಳದವಳು, ಗಟ್ಟಿಗಿತ್ತಿ, ಹೆಂಗಸರಿಗೆ ಲೈಸೆನ್ಸ್ ಕೊಡಲು ಶುರು ಮಾಡಿದಾಗಲೇ ಕಲಿತವಳು. ಮರುದಿನವೇ ನನ್ನನ್ನು ಡ್ರೈವಿಂಗ್ ಸ್ಕೂಲಿಗೆ ಸೇರಿಸಿದಳು. ಉಪ್ಪನಿಗೆ ಹೇಳಿದ್ದು "ಝೀನತ್ ಹತ್ರ ಹೊಲಿಗೆ ಕಲಿಯಲು ಹೋಗ್ತೇನೆ" ಎಂದು. ಹೇಳಿಬಿಟ್ಟರೆ "ಮೊದಲು ಆಶಿಕ್‌ನನ್ನು ಒಂದು ಮಾತು ಕೇಳುವ" ಎನ್ನುತ್ತಾರೋ ಎಂಬ ಹೆದರಿಕೆ ನನಗೆ. ಮೂರು ತಿಂಗಳಾದರೂ ಒಂದು ತಲೆದಿಂಬಿನ ಕವರೂ ಬರಲಿಲ್ಲ, ಪುಣ್ಯಕ್ಕೆ ಅವರು ಕೇಳಲಿಲ್ಲ.

ಕಲಿಸಿದವಳು ಹನೀನ್ ಎಂಬ ಸೌದಿ ಹುಡುಗಿ, ನಿನ್ನದೇ ಪ್ರಾಯ. ನಾನು ಬ್ರೇಕು ಒತ್ತಿದರೆ ಅವಳ ತಲೆ ಮುಂದಕ್ಕೆ, ಬಿಟ್ಟರೆ ಹಿಂದಕ್ಕೆ. ಆದರೂ ನಗುತ್ತಾ "ಯಲ್ಲಾ ಖಾಲಾ, ಯಲ್ಲಾ!" ಎಂದು ಹುರಿದುಂಬಿಸುತ್ತಿದ್ದಳು. ಮೊದಲ ಪರೀಕ್ಷೆಯಲ್ಲಿ ಹಿಂದಕ್ಕೆ ತೆಗೆಯುವಾಗ ಕಿತ್ತಳೆ ಬಣ್ಣದ ಕೋನು ಕಾರಿನ ಅಡಿಗೆ ಸಿಕ್ಕಿ, ನಾನು ಅದನ್ನು ಎಳೆದುಕೊಂಡೇ ಇಡೀ ಮೈದಾನ ಸುತ್ತಿ ಬಂದೆ. ಫೇಲು! ಝೀನತ್‌ಳ ಕಾರಿನಲ್ಲಿ ಕೂತು ಅತ್ತೆ. "ಅಳುವುದಾದರೆ ಅಳಿ ಅಕ್ಕಾ, ಆದರೆ ನಾಳೆ ಪುನಃ ಬರಬೇಕು" ಎಂದಳು. ಪುನಃ ಹೋದೆ. ಎರಡನೆಯ ಸಲ ಯಾವ ಕೋನೂ ಅಲುಗಲಿಲ್ಲ. ಹನೀನ್ ಓಡಿ ಬಂದು ತಬ್ಬಿಕೊಂಡಾಗ ಸುತ್ತಲಿದ್ದ ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ನನ್ನ ನಿಖಾಹ್ ದಿನವೂ ಯಾರೂ ನನ್ನನ್ನು ಅಷ್ಟು ಕೊಂಡಾಡಿರಲಿಲ್ಲ.

ಉಪ್ಪನಿಗೆ ತಿಳಿದದ್ದು ಹೇಗೆ ಗೊತ್ತಾ? ಜುಮಾ ಮುಗಿಸಿ ಉಂಡು ಮಲಗಿದ್ದರು. ಮೊಳೆಯಲ್ಲಿದ್ದ ಕಾರಿನ ಕೀ ತೆಗೆದುಕೊಂಡೆ. ಅದರ ಜಾಗದಲ್ಲಿ ಒಂದು ಚೀಟಿ ಸಿಕ್ಕಿಸಿದೆ, ನಾಲಗೆ ಚಾಚಿದ ಪಾತುವಿನ ಚಿತ್ರ. ಒಬ್ಬಳೇ ಪೇಟೆಯೆಲ್ಲ ಸುತ್ತಿ, ಅರ್ಧ ಕಿಲೋ ಹಲ್ವ ಕೊಂಡು ವಾಪಸು ಬಂದರೆ, ಉಪ್ಪ ಬಿಲ್ಡಿಂಗಿನ ಗೇಟಿನಲ್ಲಿ ಚೀಟಿ ಹಿಡಿದು ನಿಂತಿದ್ದಾರೆ. ಬರಿಗಾಲು! ಸೆಪ್ಟೆಂಬರಿನ ಬಿಸಿಲಿಗೆ ಕಾದ ಸಿಮೆಂಟಿನ ಮೇಲೆ ಒಂದು ಕಾಲು ಎತ್ತಿ ಒಂದು ಕಾಲು ಇಟ್ಟು ಕುಣಿಯುತ್ತಿದ್ದಾರೆ. ಕೈಯಲ್ಲಿ ಚಪ್ಪಲಿ ಇರಲಿಲ್ಲ. ನಿನ್ನ ಉಪ್ಪ ಈಗ ಚಪ್ಪಲಿ ಮೆಟ್ಟುವುದಿಲ್ಲ, ಅದನ್ನು ಆಮೇಲೆ ಹೇಳುತ್ತೇನೆ.

"ಡ್ರೈವರ್ ಎಲ್ಲಿ?" ಎಂದು ಹಿಂದಿನ ಸೀಟಿಗೆ ಬಗ್ಗಿ ನೋಡಿದರು.

"ನಾನೇ ಡ್ರೈವರ್."

"ಎಂತ ಮಾರಾಯ್ತಿ, ತಮಾಷೆ ಮಾಡ್ತೀಯಾ?"

ಪರ್ಸಿನಿಂದ ಲೈಸೆನ್ಸ್ ತೆಗೆದು ಕೈಗಿಟ್ಟೆ. ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು. ಬೈಯುತ್ತಾರೆಂದು ನಾನು ಕಾಯುತ್ತಿದ್ದೆ. ಸುತ್ತಿ ಬಂದು ಪಕ್ಕದ ಸೀಟಿನಲ್ಲಿ ಕೂತು ಬೆಲ್ಟು ಹಾಕಿಕೊಂಡರು. "ಯಲ್ಲಾ, ಸಮುದ್ರದ ಹತ್ರ ಹೋಗುವ" ಎಂದರು. ದಾರಿಯುದ್ದಕ್ಕೂ ಒಂದು ಕೈ ಡ್ಯಾಶ್‌ಬೋರ್ಡಿನ ಮೇಲೆ, ಬಾಯಲ್ಲಿ ದುಆ. ಕಡಲ ದಂಡೆಯ ಕಾರ್ನಿಶ್‌ನಲ್ಲಿ ಕಾರು ನಿಲ್ಲಿಸಿ ಇಬ್ಬರೂ ಹಲ್ವ ತಿಂದೆವು. ಕೈಯ ತುಪ್ಪ ಒರೆಸಿಕೊಂಡು ಕೇಳಿದರು, "ರಿಯಾದಿನವರೆಗೆ ಓಡಿಸ್ತೀಯಾ?"

ಶಹಾನಾ, ಆ ಒಂದು ಮಾತಿಗೆ ನನ್ನ ಎದೆ ಎಷ್ಟು ಹಗುರಾಯಿತೆಂದು ಹೇಗೆ ಹೇಳಲಿ! ಅಂದಿನಿಂದ ಇಬ್ಬರೂ ಹೈವೇ ಅಭ್ಯಾಸ ಮಾಡುತ್ತಿದ್ದೇವೆ. ಹುಫೂಫಿಗೆ ಹೋಗಿ ಬಂದೆವು. ದೊಡ್ಡ ದೊಡ್ಡ ಟ್ರೈಲರುಗಳನ್ನು ಹಿಂದೆ ಹಾಕಿದೆ. ಉಪ್ಪ ಕಣ್ಣು ಮುಚ್ಚಿಕೊಂಡಿದ್ದರು, ಆದರೂ ಈಗ ಮಸೀದಿಯಲ್ಲಿ ಸಿಕ್ಕವರಿಗೆಲ್ಲ ನನ್ನ ಡ್ರೈವಿಂಗಿನ ಬಡಾಯಿ ಕೊಚ್ಚುತ್ತಾರಂತೆ.

ಬರುವ ಸೋಮವಾರ ಮಧ್ಯಾಹ್ನದ ಝುಹರ್ ನಮಾಝ್ ಆದ ಮೇಲೆ, ಆಶಿಕ್ ಆಫೀಸಿನಲ್ಲಿರುವಾಗ, ನಿನ್ನ ಬಿಲ್ಡಿಂಗಿನ ಕೆಳಗೆ ನಾವಿಬ್ಬರೂ ಇರುತ್ತೇವೆ. ಇಕಾಮಾ ಕಾರ್ಡು, ಪಾಸ್‌ಪೋರ್ಟು ಕೈಚೀಲದಲ್ಲಿ ಇಟ್ಟುಕೊಂಡಿರು. ಬಟ್ಟೆಬರೆ ಬೇಡ, ನಿನ್ನ ಹಳೆಯದೆಲ್ಲ ಇಲ್ಲೇ ಇದೆ. ಅವನಿಗೆ ಹೇಳಬೇಕಾದದ್ದನ್ನು ಉಪ್ಪ ಹೇಳುತ್ತಾರೆ, ಈ ಸಲ ಫೋನಿಡುವವರು ಅವರಲ್ಲ. ಡಬ್ಬಿಯಲ್ಲಿ ನಿನ್ನ ಕಾಮಿಕ್ಸಿನ ಒಂದು ಪುಟವನ್ನೂ ಇಟ್ಟಿದ್ದೇನೆ. ಕೊನೆಯ ಚೌಕ ನೋಡು. ಪಾತುವಿನ ಗಾಡಿಯಲ್ಲಿ ಪಕ್ಕಕ್ಕೆ ಸ್ವಲ್ಪ ಜಾಗ ಇತ್ತು, ಅಲ್ಲಿ ಬುರ್ಖಾ ತೊಟ್ಟ ಒಬ್ಬ ದಪ್ಪ ಹೆಂಗಸನ್ನು ನಾನೇ ಬರೆದಿದ್ದೇನೆ. ಮೂಗು ಸರಿ ಬಂದಿಲ್ಲ. ಸ್ಟೀರಿಂಗ್ ಅವಳ ಕೈಯಲ್ಲಿದೆ.

ಅಲ್ಲಾಹನು ನಿನ್ನನ್ನು ಕಣ್ಣರೆಪ್ಪೆಯ ಹಾಗೆ ಕಾಯಲಿ, ನಿನ್ನ ನಗುವನ್ನು ನಿನಗೆ ತಿರುಗಿ ಕೊಡಲಿ. ಆಮೀನ್.

ನಿನ್ನ ಉಮ್ಮ,
ಝೊಹರಾ

ವಿ.ಸೂ: ಕಾಗದ ಮಡಚಿ ಆಗಿತ್ತು, ಮತ್ತೆ ಬಿಚ್ಚಿದೆ. ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಬಕ್ರೀದಿನ ಮರುದಿನ ನೀನು ಚಹಾ ಸೋಸುತ್ತಿದ್ದೆ. ನೆಲದಲ್ಲಿ ಜಿರಳೆ ಓಡಿತು, ಹೊಡೆಯಲೆಂದು ಉಪ್ಪ ಕಾಲಿನ ಚಪ್ಪಲಿ ತೆಗೆದು ಎತ್ತಿದರು. ನೀನು ಚಹಾದ ಪಾತ್ರೆಯನ್ನು ಕೈಬಿಟ್ಟು, ಎರಡೂ ಕೈ ಮುಖಕ್ಕೆ ಅಡ್ಡ ಹಿಡಿದು, ಗೋಡೆಯ ಮೂಲೆಗೆ ಕುಸಿದೆ. ಆಮೇಲೆ ನಕ್ಕ ಹಾಗೆ ಮಾಡಿ "ಜಿರಳೆ ಅಂದ್ರೆ ಹೆದರಿಕೆ ಉಮ್ಮಾ" ಎಂದೆ. ಜಿರಳೆಗೆ ದಾರ ಕಟ್ಟಿ ಟೀಚರ ಮೇಜಿನ ಮೇಲೆ ಓಡಿಸಿದವಳು ನೀನು.

ಉಪ್ಪನೂ ನೋಡಿದರು ಮಗಳೇ. ನೀನು ಹೋದ ಸಂಜೆ ಆ ಚಪ್ಪಲಿಯನ್ನು ಬೀದಿಯ ಕಸದ ತೊಟ್ಟಿಗೆ ಹಾಕಿ ಬರಿಗಾಲಲ್ಲಿ ಮನೆಗೆ ಬಂದರು. ಕಾರ್ನಿಶ್‌ನಲ್ಲಿ ಹಲ್ವದ ಪೊಟ್ಟಣ ಹಿಡಿದುಕೊಂಡೇ ಹೇಳಿದರು, "ಅವಳು ನನ್ನ ಚಪ್ಪಲಿಗೆ ಹೆದರಿದ್ದಲ್ಲ ಝೊಹರಾ." ಅಷ್ಟು ಹೇಳಿ ಸಣ್ಣ ಮಗುವಿನಂತೆ ಅತ್ತರು.

ಸೋಮವಾರ ಹಾರ್ನು ಕೇಳಿದ ಕೂಡಲೇ ಹೊರಡು. ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಾ ನಿಲ್ಲಬೇಡ, ಬರಿಗಾಲಲ್ಲೇ ಇಳಿದು ಬಾ.