ಎಡಗಡೆಯ ನೆಗ್ಗು

ಫೆಬ್ರವರಿ 3, ಸೋಮವಾರ. ಬೆಳಿಗ್ಗೆ 10.30

ಕಾರಿನ ಹಿಂದಿನ ಬಂಪರ್ ಸರಿ ಮಾಡಿದ್ದಾಯಿತು. ಒಂದು ಪಾತ್ರೆ ಕುದಿಯುವ ನೀರು, ಸಂಡಾಸು ಕಟ್ಟಿದರೆ ಒತ್ತುವ ರಬ್ಬರ್ ಪಂಪು. ಸುರಿದೆ, ಒತ್ತಿದೆ, ಎಳೆದೆ. ಟಪ್ ಎಂದು ಎದ್ದು ಬಂತು. ಪ್ಲಾಸ್ಟಿಕ್ಕು ಹೇಳಿದ ಮಾತು ಕೇಳುತ್ತದೆ. ಎಡ ಬಾಗಿಲು ತಗಡಿನದು, ಕೇಳುತ್ತಿಲ್ಲ. ಹಿಡಿಕೆಯ ಕೆಳಗೇ ಅಂಗೈ ಅಗಲ ನೆಗ್ಗು.

ಶೀಲಾಳದೇ ಕೆಲಸ. ಮತ್ಯಾರದು? ಐವತ್ಮೂರನೇ ವಯಸ್ಸಿಗೆ ಲೈಸೆನ್ಸ್ ತೆಗೆಸುವ ಹೆಂಡತಿ ನನಗೇ ಸಿಗಬೇಕೆ! ಬ್ಯಾಡಗಿಯಲ್ಲಿ ಅವಳ ಅಕ್ಕ ಪ್ರೇಮವ್ವನಿಗೆ ಮೊಣಕಾಲಿನ ಆಪರೇಷನ್ ಆಗಿದೆ. ಮಂಗಳವಾರ, ಶುಕ್ರವಾರ ಇವಳು ಕಾರು ಒಯ್ದು, ಅಕ್ಕನಿಗೆ ಎಣ್ಣೆ-ನೀರು ಮಾಡಿಸಿ ಬರುತ್ತಾಳೆ.

"ಹಿಂದಿನ ಬಂಪರ್ ನಂದ. ಅಕ್ಕನ ಮನಿ ಕಟ್ಟಿಗೆ ಬಡೀತು, ಅವತ್ತ ಹೇಳೇನಿ. ಬಾಗ್ಲದ್ದು ನಂದಲ್ಲ."

"ಹಂಗಾರ ಬಾಗ್ಲಾ ತಾನ ನೆಗ್ಗಿಸ್ಕೊಂತೇನು?"

ಓಣಿಯವರೆಲ್ಲ ನೋಡುತ್ತಿದ್ದಂತೆ ಚಾವಿ ಕಿತ್ತುಕೊಂಡು ನನ್ನ ಟ್ರಂಕಿನಲ್ಲಿಟ್ಟು ಬೀಗ ಜಡಿದೆ. ಮುಗಿಯಿತು. ಇನ್ನು ಈ ಕಾರು ಅವಳ ಕೈಗಿಲ್ಲ.

ಫೆಬ್ರವರಿ 4, ಮಂಗಳವಾರ

ಬಸ್ಸಿಗೆ ಹೋದಳು. ಮೆಣಸಿನಕಾಯಿ ಸುಗ್ಗಿ, ಬ್ಯಾಡಗಿ ಬಸ್ಸಿನಲ್ಲಿ ನಿಲ್ಲಲೂ ಜಾಗವಿರುವುದಿಲ್ಲ. ಹೋಗಲಿ. ಬುದ್ಧಿ ಬರಲಿ.

ಹೋಗುವಾಗ ಒಂದು ಮಾತು ಒಗೆದು ಹೋದಳು— "ಫಕ್ಕೀರಸಾಬರ ಕಡೆ ಒಯ್ರಿ, ಟಿಂಕರಿಂಗ್ ಅವರು ಮಾಡ್ತಾರ." ಯಾಕೆ ಒಯ್ಯಬೇಕು? ಕುಮಾರಪಟ್ಟಣದ ಫ್ಯಾಕ್ಟರಿಯಲ್ಲಿ ಮೂವತ್ತೊಂದು ವರ್ಷ ಫಿಟರ್ ಆಗಿದ್ದವನು ನಾನು. ಒಂದು ಬಾಗಿಲು ಸರಿ ಮಾಡಲಾರೆನೆ?

ಒಳಗಿನ ಹೊದಿಕೆ ಬಿಚ್ಚಿದೆ. ಮೂರು ಕ್ಲಿಪ್ ಮುರಿದವು. ಮರದ ಸುತ್ತಿಗೆಯಿಂದ ಒಳಗಿನಿಂದ ಮೆಲ್ಲಗೆ ಬಡಿದೆ. ಬರಲಿಲ್ಲ. ಆಮೇಲೆ ಅವಳ "ನಂದಲ್ಲ" ನೆನಪಾಯಿತು... ಈಗ ತಗ್ಗು ಹೋಗಿ ಉಬ್ಬು ಎದ್ದಿದೆ. ಇದಕ್ಕೂ ಅವಳೇ ಕಾರಣ.

ಫೆಬ್ರವರಿ 7, ಶುಕ್ರವಾರ

ಉಬ್ಬನ್ನು ಬಡಿದು ಕೂರಿಸಿ ಪುಟ್ಟಿ ಬಳಿದೆ. ಸ್ಯಾಂಡ್ ಪೇಪರಿನಲ್ಲಿ ತಿಕ್ಕಿ ತಿಕ್ಕಿ ಬೆರಳ ತುದಿ ಸುಲಿಯಿತು. ಬಣ್ಣದ ಡಬ್ಬಿಯ ಮೇಲೆ ನಮ್ಮ ಕಾರಿನ ಬಿಳಿಯೇ ಎಂದು ಬರೆದಿತ್ತು. ಹೊಡೆದ ಮೇಲೆ ನೋಡಿದರೆ ಸುಣ್ಣ ಬಳಿದ ಗೋಡೆ!

ಶೀಲಾ ಬೆಳಿಗ್ಗೆ ಆರರ ಬಸ್ಸಿಗೆ ಹೋದವಳು ಸಂಜೆ ಏಳಕ್ಕೆ ಬಂದಳು. ಕಾಲು ಬಾತಿದ್ದವು. ಚಹಾ ಮಾಡಿ ತಂದಿಟ್ಟು ಒಳಗೆ ಹೋದಳು.

ಫೆಬ್ರವರಿ 15, ಶನಿವಾರ. ಮಧ್ಯಾಹ್ನ

ಕದರಮಂಡಲಗಿಗೆ ಹೋಗಿದ್ದೆ, ಹನುಮಪ್ಪನ ದರ್ಶನಕ್ಕೆ. ಒಬ್ಬನೇ. ಬಾ ಎಂದರೆ ಅವಳು ಬರಲಿಲ್ಲ. ಮನೆಗೆ ಬಂದು ಇಳಿದು ನೋಡುತ್ತೇನೆ— ಎಡಗಡೆಯ ಮುಂದಿನ ಮಡ್‌ಗಾರ್ಡ್ ಒಳಗೆ ಹೋಗಿದೆ, ಉದ್ದಕ್ಕೆ ಗೀರು. ಗುಡಿಯ ಹತ್ತಿರ ನಿಲ್ಲಿಸಿದಾಗ ಯಾವನೋ ಟೆಂಪೋದವನು ಬಡಿದು ಓಡಿದ್ದಾನೆ. ಹಲ್ಕಟ್ ನನ್ಮಗ! ಕೈಗೆ ಸಿಗಬೇಕು.

ಶೀಲಾ ಹೊರಗೆ ಬಂದು ಮಡ್‌ಗಾರ್ಡ್ ನೋಡಿದಳು, ನನ್ನನ್ನು ನೋಡಿದಳು.

"ಹನ್ನೆರಡ ದಿವಸ ಆತು, ಚಾವಿ ನಿಮ್ಮ ಟ್ರಂಕಿನ್ಯಾಗ ಐತಿ" ಎಂದು ಒಳಗೆ ಹೋದಳು.

ಟೆಂಪೋ ಎಂದು ಹೇಳಿದೆನಲ್ಲ! ಕಿವಿ ಕೇಳುವುದಿಲ್ಲವೆ?

ಫೆಬ್ರವರಿ 16, ಭಾನುವಾರ. 11 ಗಂಟೆ

ಫಕ್ಕೀರಸಾಬ ಮನೆಗೇ ಬಂದ. ಶೀಲಾ ಫೋನು ಮಾಡಿದ್ದಳಂತೆ. ನನ್ನನ್ನು ಒಂದು ಮಾತು ಕೇಳದೆ!

ಹೆಬ್ಬೆರಳಿನಿಂದ ಗೀರು ಸವರಿದ. "ಮೈಲಾರಪ್ಪನವರ, ಟೆಂಪೋ ಬಡದಿದ್ದಲ್ರಿ ಇದು. ಇಲ್ಲಿ ನೋಡ್ರಿ, ಮುಂದ ಆಳ ಐತಿ, ಹಿಂದ ಹೋದಂಗ ತೆಳ್ಳಗ ಆಗೇತಿ. ಒಳಗ ಕಲ್ಲಿನ ಪುಡಿ ಐತಿ. ಕಲ್ಲು ನಿಂತಿತ್ತು, ನಿಮ್ಮ ಗಾಡಿ ಮುಂದ ಹೋಗಾಕತ್ತಿತ್ತು."

ಅಷ್ಟಕ್ಕೇ ಬಿಡಬಾರದೆ ಅವನು? "ಬಾಗ್ಲದ್ದೂ ಎಡಗಡೆನ, ಇದೂ ಎಡಗಡೆನ. ಎಡಗಣ್ಣು ಡಾಕ್ಟರಿಗೆ ತೋರಿಸಿ ಎಷ್ಟ ದಿವಸ ಆತ್ರಿ?"

"ತಗಡ ನೋಡಾಕ ಕರದಾರ ನಿನ್ನ, ಕಣ್ಣ ನೋಡಾಕಲ್ಲ! ನಡಿ ಹೊರಗ!"

ಹೋದ. ಚಹಾ ಹಾಗೇ ಉಳಿಯಿತು.

ಅದೇ ದಿನ, 3 ಗಂಟೆ

ಬಲಗಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರ್ ನೋಡಿದೆ. ನಡುವಿನ ನಾಲ್ಕು ತಾರೀಖು ಇವೆ. ಸುತ್ತಲೂ ಬೂದಿ. ಕನ್ನಡಕ ಒರೆಸಿದೆ. ನಾಲ್ಕೇ.

ಬರೆದೇ ಬಿಡುತ್ತೇನೆ, ಇದನ್ನು ಓದುವವರು ಯಾರಿದ್ದಾರೆ? ಜನವರಿ ಕೊನೆಗೆ ಸಿಲಿಂಡರ್ ತಂದ ದಿನ ನಮ್ಮ ಗೇಟಿನಲ್ಲಿ ಒಂದು ಸದ್ದಾಗಿತ್ತು. ಎಡಗಡೆ. ಕೇಳಿಸಿತ್ತು. ಇಳಿದು ನೋಡಲಿಲ್ಲ. ಮಾರನೆಯ ದಿನ ಅವಳು ಬ್ಯಾಡಗಿಗೆ ಹೋಗಿ ಬಂದಳು. ಆಮೇಲೆ ನೋಡಿದೆ, ಆಮೇಲೆ ಕೂಗಾಡಿದೆ. ಥೂ ನನ್ನ ಜನ್ಮಕ್ಕೆ.

ಫೆಬ್ರವರಿ 18, ಮಂಗಳವಾರ

ಆರರ ಬಸ್ಸಿಗೆ ಹೊರಟಿದ್ದಳು. ಟ್ರಂಕು ತೆಗೆದು ಚಾವಿ ಅವಳ ಮುಂದೆ ಒಗೆದೆ. ಬಗ್ಗಲಿಲ್ಲ. ಚೀಲ ಹಿಡಿದು ನಿಂತೇ ಇದ್ದಳು. ನಾನೂ ನಿಂತೆ. ಕೊನೆಗೆ ನಾನೇ ಬಗ್ಗಿ ಎತ್ತಿ ಕೈಗೆ ಕೊಟ್ಟೆ.

"ಸೋಮವಾರ ಹಾವೇರಿ ಕಣ್ಣಿನ ಡಾಕ್ಟರ್ ಕಡೆ ಹೋಗೂಣು" ಎಂದಳು. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ನಾನೂ ಬೈಯಬಹುದಿತ್ತು.

ಫೆಬ್ರವರಿ 24, ಸೋಮವಾರ. ಸಂಜೆ

ಹಾವೇರಿಗೆ ಹೋಗಿ ಬಂದೆವು. ಕಣ್ಣಿನೊಳಗೆ ಒತ್ತಡ ಹೆಚ್ಚಿದೆಯಂತೆ. ಹೋದದ್ದು ಬರುವುದಿಲ್ಲ. ದಿನಾ ಹನಿ ಹಾಕಿದರೆ ಇದ್ದದ್ದು ಉಳಿಯಬಹುದು. ಗಾಡಿ ಮುಟ್ಟಬಾರದು. ಆ ಡಾಕ್ಟರಿಗೆ ನನ್ನ ಮಗನ ವಯಸ್ಸು. ಎಷ್ಟು ಸಲೀಸಾಗಿ ಹೇಳಿಬಿಟ್ಟ!

ಅವಳೇ ಓಡಿಸಿದಳು. ನಾನು ಎಡಗಡೆ, ಸುಣ್ಣ ಬಳಿದ ಆ ಬಾಗಿಲಿನ ಪಕ್ಕ. ಮೋಟೆಬೆನ್ನೂರು ದಾಟಿತು. ತಪ್ಪಾಯಿತು ಎನ್ನಬೇಕೆಂದು ಬಾಯಿ ತೆರೆದೆ. ಬಂದದ್ದು— "ಗೇರ್ ಬದ್ಲಿ ಮಾಡು, ಇಂಜಿನ್ ಕೂಗಾಕತ್ತೈತಿ."

ಇಂಡಿಕೇಟರ್ ಹಾಕಿದಳು. ಗಾಡಿಯನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದಳು. ಇಂಜಿನ್ ಆಫ್ ಮಾಡಿ ಕೈ ಮಡಿಲಲ್ಲಿ ಇಟ್ಟುಕೊಂಡಳು.

"ಎರಡ ವಾರ ಬಸ್ಸಿನ್ಯಾಗ ನಿಂತ ಹೋಗೇನಿ. ಓಣಿ ಮಂದಿ ಮುಂದ ನನ್ನ ಕಳ್ಳಿ ಮಾಡೀರಿ. ಹೇಳೂದ ಐತಲ್ಲ, ಅದನ್ನ ಹೇಳ್ರಿ. ಅಲ್ಲೀತನಕ ಗಾಡಿ ಬಿಡಂಗಿಲ್ಲ."

ಸಿಟ್ಟು ನೆತ್ತಿಗೇರಿತು. ಇಳಿದು ನಡೆದೇ ಹೋಗೋಣ ಎಂದು ಬಾಗಿಲಿಗೆ ಕೈ ಹಾಕಿದೆ. "ಹಿಂದ ಲಾರಿ ಬರಾಕತ್ತೈತಿ, ನಿಲ್ರಿ!" ಎಂದು ತೋಳು ಹಿಡಿದೆಳೆದಳು. ಲಾರಿ ನಮ್ಮ ಎಡಕ್ಕೆ, ಮಣ್ಣಿನಲ್ಲೇ ನುಗ್ಗಿ ಹೋಯಿತು. ನನಗೆ ಸದ್ದು ಬಂತು, ಲಾರಿ ಕಾಣಲಿಲ್ಲ.

ಹೇಳಿದೆ. ಆ ಗದ್ದಲದಲ್ಲಿ ಅವಳಿಗೆ ಕೇಳಿಸಲಿಲ್ಲ. "ಏನ್ರಿ?" ಎಂದಳು. ಮತ್ತೊಮ್ಮೆ, ಗಟ್ಟಿಯಾಗಿ, ಅವಳ ಮುಖ ನೋಡಿ ಹೇಳಿದೆ— "ತಪ್ಪಾತು. ಬಾಗ್ಲಾ ನೆಗ್ಗಿಸಿದ್ದು ನಾನ."